ಯಂತ್ರ ಕಟ್ಟುವ ಮಕ್ಕಳ ಸಮಾಜಸೇವೆ

(ನಮ್ಮ ವಾಚನಾಲಯದ ಭಾನುವಾರದ ಸಭೆಯಲ್ಲಿ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಇಂದು ನಾನು ತಮ್ಮ ಮುಂದೆ ಇಡುವ ವಿಷಯ ಯಂತ್ರಮಾನವ, ಅಂದರೆ ರೋಬೋಟ್. ಎಂಜಿನಿಯರರು ಮಾತನಾಡಬೇಕಾದ ವಿಷಯವನ್ನು ಮೆಟ್ರಿಕ್ ಓದಿದ ಗಿರಣಿ ಗುಮಾಸ್ತ ಏಕೆ ಎತ್ತಿಕೊಂಡ ಎಂದು ಕೆಲವರಿಗೆ ಅನ್ನಿಸಬಹುದು. ಯಂತ್ರದ ಒಳಗುಟ್ಟನ್ನೆಲ್ಲ ಬಿಡಿಸಿ ಹೇಳುವುದು ನನ್ನ ಉದ್ದೇಶವಲ್ಲ. ಅಂಥ ಯಂತ್ರವನ್ನು ಕಟ್ಟಲು ಕಲಿತ ಶಾಲೆಯ ಹುಡುಗ ಹುಡುಗಿಯರು ತಮ್ಮ ನೆರೆಹೊರೆಗಾಗಿ ಏನು ಮಾಡಿದ್ದಾರೆ, ಅದರಿಂದ ಪರಸ್ಥಳದಲ್ಲಿ ದುಡಿದು ತಿನ್ನುವ ನಾವು ಏನು ಕಲಿಯಬಹುದು ಎಂಬುದಷ್ಟೇ ನನ್ನ ಅರಿಕೆ.

ಮೊದಲು ಆ ಹೆಸರಿನ ವಿಚಾರ. ಚೆಕ್ ಭಾಷೆಯ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ಒಂದು ನಾಟಕದಿಂದ ‘ರೋಬೋಟ್’ ಎಂಬ ಶಬ್ದ ಲೋಕಕ್ಕೆ ಬಂತು. ಅದನ್ನು ಅವನಿಗೆ ಸೂಚಿಸಿದವನು ಅವನ ಅಣ್ಣ ಯೋಸೆಫ್. ಆ ಭಾಷೆಯಲ್ಲಿ ‘ರೋಬೋಟಾ’ ಎಂದರೆ ಒಕ್ಕಲು ಮಕ್ಕಳು ಜಮೀನಿನ ಒಡೆಯನಿಗೆ ಕೂಲಿಯಿಲ್ಲದೆ ಮಾಡಿಕೊಡಲೇಬೇಕಾಗಿದ್ದ ದುಡಿಮೆ. ನಮ್ಮ ಹಳ್ಳಿಗಳ ಮಾತಿನಲ್ಲಿ ಹೇಳುವುದಾದರೆ ಬಿಟ್ಟಿ ಚಾಕರಿ. ನಮ್ಮಲ್ಲಿ ಅನೇಕರ ತಾತ ಮುತ್ತಾತಂದಿರಿಗೆ ಇದು ಗೊತ್ತಿದ್ದ ಸಂಗತಿ. ಆದ್ದರಿಂದ ಶಬ್ದ ಹೊಸತಾದರೂ ಅದರ ಹಿಂದಿನ ನೋವು ನಮಗೆ ಹೊಸತಲ್ಲ.

ಇನ್ನು ರೋಬೋಟ್ ಎಂದರೆ ಏನು? ಸ್ಥೂಲವಾಗಿ ಅದರಲ್ಲಿ ಮೂರು ಅಂಗಗಳು: ಸುತ್ತಲಿನದನ್ನು ತಿಳಿಯುವ ಇಂದ್ರಿಯ, ತಿಳಿದದ್ದನ್ನು ನೋಡಿ ತೀರ್ಮಾನಿಸುವ ಮಿದುಳು, ತೀರ್ಮಾನದಂತೆ ನಡೆಯುವ ಕೈಕಾಲು. ಗಿರಣಿಯಲ್ಲಿ ಮಗ್ಗದ ಹಾಸಿನ ಎಳೆಯೊಂದು ಹರಿದರೆ ಆ ಎಳೆಯ ಮೇಲೆ ತೂಗುತ್ತಿದ್ದ ತೆಳು ಲೋಹದ ಪಟ್ಟಿ ಕೆಳಗೆ ಬೀಳುತ್ತದೆ, ಮಗ್ಗ ತಾನೇ ನಿಲ್ಲುತ್ತದೆ. ಎಳೆ ಹರಿದದ್ದನ್ನು ತಿಳಿದು ತಾನೇ ನಿಂತ ಆ ಮಗ್ಗ ರೋಬೋಟಿನ ಹಿರಿಯ ಬಂಧು. ಇಂದಿನ ರೋಬೋಟಿನಲ್ಲಿ ಪಟ್ಟಿಯ ಜಾಗದಲ್ಲಿ ಕ್ಯಾಮೆರಾ ಮೊದಲಾದ ಉಪಕರಣಗಳಿವೆ, ತೀರ್ಮಾನಕ್ಕೆ ಕಂಪ್ಯೂಟರ್ ಇದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಡೀನ್ ಕಾಮೆನ್ ಎಂಬ ಸಂಶೋಧಕರು 1989ರಲ್ಲಿ ‘ಫಸ್ಟ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಆಟಗಾರರಿಗೂ ಸಿನಿಮಾ ನಟರಿಗೂ ಸಿಗುವ ಚಪ್ಪಾಳೆ ವಿಜ್ಞಾನ ಕಲಿಯುವ ಮಕ್ಕಳಿಗೂ ಸಿಗಬೇಕೆಂಬುದು ಅವರ ಹಂಬಲ. 1992ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಒಂದು ಹೈಸ್ಕೂಲಿನ ವ್ಯಾಯಾಮಶಾಲೆಯಲ್ಲಿ 28 ತಂಡಗಳೊಂದಿಗೆ ಮೊದಲ ಪಂದ್ಯ ನಡೆಯಿತು. ಇಂದು ಅನೇಕ ದೇಶಗಳ ಸಾವಿರಾರು ತಂಡಗಳು ಇದರಲ್ಲಿ ಸೇರುತ್ತವೆ. ವರ್ಷದ ಆರಂಭದಲ್ಲಿ ಆ ಸಲದ ಆಟದ ನಿಯಮವನ್ನು ಪ್ರಕಟಿಸುತ್ತಾರೆ. ಹೈಸ್ಕೂಲಿನ ಮಕ್ಕಳು ಹಿರಿಯ ಎಂಜಿನಿಯರರ ನೆರವಿನಿಂದ ಕೆಲವೇ ವಾರಗಳಲ್ಲಿ ಒಂದು ಆಳಿನ ತೂಕದ ಯಂತ್ರವನ್ನು ಕಟ್ಟಿ ಅಖಾಡಕ್ಕೆ ತರುತ್ತಾರೆ. ಒಂದೊಂದು ಪಂದ್ಯವೂ ಎರಡೂವರೆ ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ.

ಈ ಪಂದ್ಯದಲ್ಲಿ ಎರಡು ಕಟ್ಟಲೆಗಳು ನನ್ನ ಮನಸ್ಸನ್ನು ಹಿಡಿದವು. ಮೊದಲನೆಯದು, ಮೂರು ತಂಡಗಳು ಒಂದು ಪಕ್ಷ, ಬೇರೆ ಮೂರು ತಂಡಗಳು ಇನ್ನೊಂದು ಪಕ್ಷ. ಈ ಗಂಟೆಯ ಎದುರಾಳಿ ಮುಂದಿನ ಗಂಟೆಗೆ ಜೊತೆಗಾರನಾಗಬಹುದು. ಹೀಗಾಗಿ ಎದುರಾಳಿಯ ಯಂತ್ರ ಕೆಟ್ಟರೆ ನಗುವವರಿಲ್ಲ. ಪಾನ, ತಿರುಪು, ಬ್ಯಾಟರಿ ಹಿಡಿದು ಓಡಿಹೋಗಿ ಸರಿಮಾಡಿಕೊಡುತ್ತಾರೆ. ಎಂ.ಐ.ಟಿ.ಯ ಪ್ರಾಧ್ಯಾಪಕರಾಗಿದ್ದು 2019ರಲ್ಲಿ ತೀರಿಕೊಂಡ ವುಡಿ ಫ್ಲವರ್ಸ್ ಅವರು ಈ ನಡತೆಯನ್ನು ಆ ಪಂದ್ಯದ ಧರ್ಮವೆಂದೇ ಬೋಧಿಸಿದರು. ಶಕ್ತಿಮೀರಿ ಸೆಣಸು, ಆದರೆ ಸೌಜನ್ಯ ಬಿಡಬೇಡ, ಎಂಬುದು ಅದರ ತಾತ್ಪರ್ಯ.

ಎರಡನೆಯದು ಇನ್ನೂ ದೊಡ್ಡದು. ಅಲ್ಲಿ ಎಲ್ಲಕ್ಕಿಂತ ಹಿರಿದಾದ ಬಹುಮಾನ ಪಂದ್ಯ ಗೆದ್ದ ಯಂತ್ರಕ್ಕೆ ಸಲ್ಲುವುದಿಲ್ಲ. ತಾನು ಕಲಿತದ್ದನ್ನು ಊರಿಗೆ ಹಂಚಿದ ತಂಡಕ್ಕೆ ಸಲ್ಲುತ್ತದೆ. ಮೊದಲು ಇದಕ್ಕೆ ‘ಚೇರ್ಮನ್ಸ್ ಅವಾರ್ಡ್’ ಎಂದು ಹೆಸರಿತ್ತು. 2023ರ ಪಂದ್ಯಗಳಿಂದ ‘ಇಂಪ್ಯಾಕ್ಟ್ ಅವಾರ್ಡ್’ ಎಂದು ಕರೆಯುತ್ತಾರೆ. ತಂಡದವರು ತಾವು ಮಾಡಿದ ಕೆಲಸವನ್ನು ಬರೆದು ಒಪ್ಪಿಸಬೇಕು, ತೀರ್ಪುಗಾರರ ಮುಂದೆ ನಿಂತು ವಿವರಿಸಬೇಕು. ಯಂತ್ರ ಸೋತರೂ ಈ ಮಾನ ಬರಬಹುದು.

ಅವರು ಮಾಡುವ ಕೆಲಸವಾದರೂ ಎಂಥದು? ದೊಡ್ಡ ಹುಡುಗರು ಪ್ರಾಥಮಿಕ ಶಾಲೆಗಳಿಗೆ ಹೋಗಿ ಚಿಕ್ಕವರ ತಂಡ ಕಟ್ಟುತ್ತಾರೆ. ಗ್ರಂಥಾಲಯಗಳಲ್ಲಿ ಯಂತ್ರವನ್ನು ಓಡಿಸಿ ತೋರಿಸುತ್ತಾರೆ. 2020ರಲ್ಲಿ ಕೋವಿಡ್ ಪಿಡುಗು ಹರಡಿ ಆಸ್ಪತ್ರೆಗಳಲ್ಲಿ ಮುಖಗವಚಕ್ಕೆ ಅಭಾವವಾದಾಗ ಅನೇಕ ತಂಡಗಳು ಯಂತ್ರದ ಬಿಡಿಭಾಗ ಮಾಡುವ ತಮ್ಮ ಉಪಕರಣಗಳಿಂದಲೇ ಗವಚ ತಯಾರಿಸಿ ದಾದಿಯರಿಗೆ ತಲುಪಿಸಿದವು.

ಇನ್ನೊಂದು ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೈಕಾಲು ಸ್ವಾಧೀನವಿಲ್ಲದ ಎರಡು ಮೂರು ವರ್ಷದ ಮಗು ತಾನಾಗಿ ಅತ್ತಿತ್ತ ಹೋಗಲಾರದು. ಅಷ್ಟು ಚಿಕ್ಕ ಮಗುವಿಗೆ ಮೋಟಾರಿನ ಗಾಲಿಕುರ್ಚಿ ಸಿಗುವುದೂ ದುರ್ಲಭ. ಡೆಲವೇರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಕೋಲ್ ಗ್ಯಾಲೊವೇ ಇದಕ್ಕೊಂದು ಸುಲಭ ಉಪಾಯ ಹೂಡಿದರು. ಅಂಗಡಿಯಲ್ಲಿ ಸಿಗುವ, ಮಕ್ಕಳು ಕುಳಿತು ಓಡಿಸುವ ಬ್ಯಾಟರಿ ಆಟದ ಕಾರನ್ನು ಕೊಂಡು, ಕಾಲಿನಿಂದ ಒತ್ತುವ ಗುಂಡಿಯನ್ನು ತೆಗೆದು, ಕೈಗೆ ಎಟಕುವಂತೆ ಊಟದ ತಟ್ಟೆಯಷ್ಟಗಲದ ಒಂದು ಗುಂಡಿಯನ್ನು ಜೋಡಿಸುವುದು. ಮಗು ಪಕ್ಕಕ್ಕೆ ವಾಲದಂತೆ ಪ್ಲಾಸ್ಟಿಕ್ ಕೊಳವೆಗಳಿಂದ ಆಸರೆ ಕಟ್ಟುವುದು. ರೋಬೋಟ್ ಕಟ್ಟುವ ಅನೇಕ ವಿದ್ಯಾರ್ಥಿ ತಂಡಗಳು ಈ ಕೆಲಸವನ್ನು ಎತ್ತಿಕೊಂಡು ಇಂಥ ಕಾರುಗಳನ್ನು ಮಾಡಿಕೊಟ್ಟಿವೆ. ಇದರಲ್ಲಿ ದೊಡ್ಡ ವಿಜ್ಞಾನವೇನೂ ಇಲ್ಲ. ಒಬ್ಬ ವೈರ್‌ಮನ್ ಅರ್ಧ ದಿನದಲ್ಲಿ ಮಾಡಬಲ್ಲ ಕೆಲಸ. ಆದರೆ ಹುಟ್ಟಿದಂದಿನಿಂದ ಇನ್ನೊಬ್ಬರ ಸೊಂಟದ ಮೇಲೇ ಇದ್ದ ಕೂಸು ತಾನೇ ಗುಂಡಿ ಒತ್ತಿ ತಾಯಿಯ ಕಡೆಗೆ ಬರುತ್ತದಲ್ಲ, ಆ ಕೆಲಸಕ್ಕೆ ಬೆಲೆ ಕಟ್ಟುವವರು ಯಾರು?

ಇದೆಲ್ಲ ಹಣವಂತರ ದೇಶದ ಮಾತು ಎಂದು ತಾವು ಹೇಳಬಹುದು. ಹಾಗಾದರೆ ಆಫ್ಘಾನಿಸ್ತಾನದ ಹೆರಾತ್ ಪಟ್ಟಣದ ಹುಡುಗಿಯರ ಕಥೆ ಕೇಳಿ. 2017ರಲ್ಲಿ ವಾಷಿಂಗ್ಟನ್ ನಗರದಲ್ಲಿ 150ಕ್ಕೂ ಹೆಚ್ಚು ರಾಷ್ಟ್ರಗಳ ಮಕ್ಕಳ ರೋಬೋಟ್ ಪಂದ್ಯ ನಡೆಯಿತು. ಶುದ್ಧ ನೀರನ್ನು ದೊರಕಿಸುವುದು ಆ ಪಂದ್ಯದ ವಸ್ತು. ಹೆರಾತಿನ ಆರು ಹುಡುಗಿಯರಿಗೆ ಎರಡು ಸಲ ವೀಸಾ ನಿರಾಕರಿಸಲಾಯಿತು. ಅದಕ್ಕಾಗಿ ಅವರು ಎರಡು ಸಲವೂ ದೂರದ ಕಾಬೂಲಿಗೆ ಅಪಾಯದ ಪ್ರಯಾಣ ಮಾಡಿದ್ದರು. ಲೋಕವೆಲ್ಲ ಕೂಗೆಬ್ಬಿಸಿದ ಮೇಲೆ ಕೊನೆಯ ಗಳಿಗೆಯಲ್ಲಿ ಅಪ್ಪಣೆ ಸಿಕ್ಕಿತು. ಅವರ ಧೈರ್ಯಕ್ಕೆ ಬೆಳ್ಳಿಯ ಪದಕವೂ ಬಂತು. ಮೂರು ವರ್ಷ ಕಳೆದು ಅದೇ ಊರಿಗೆ ಕೋವಿಡ್ ಬಡಿಯಿತು. ಉಸಿರಾಟದ ಯಂತ್ರಗಳು ಸಾಲದಾದಾಗ ಆ ತಂಡದ ಹುಡುಗಿಯರು ಎಂ.ಐ.ಟಿ.ಯವರು ಎಲ್ಲರಿಗೂ ಬಿಚ್ಚಿಟ್ಟಿದ್ದ ನಕ್ಷೆಯನ್ನು ಆಧಾರವಾಗಿಟ್ಟುಕೊಂಡು, ಟೊಯೋಟಾ ಕಾರಿನ ಮೋಟಾರು, ಹೋಂಡಾ ಮೋಟಾರ್ ಸೈಕಲ್ಲಿನ ಸರಪಳಿ ಮೊದಲಾದವನ್ನು ಸೇರಿಸಿ, ಕಡಿಮೆ ಖರ್ಚಿನ ಒಂದು ಮಾದರಿ ಯಂತ್ರವನ್ನು 2020ರಲ್ಲಿ ಕಟ್ಟಿ ತೋರಿಸಿದರು. ಮರುವರ್ಷ ಆಗಸ್ಟಿನಲ್ಲಿ ತಾಲಿಬಾನರ ಆಳ್ವಿಕೆ ಬಂದಾಗ ತಂಡದ ಅನೇಕರು ಕತಾರಿಗೂ ಮೆಕ್ಸಿಕೋಗೂ ವಲಸೆ ಹೋಗಬೇಕಾಯಿತು. ಆ ದೇಶದಲ್ಲಿ ಆರನೆಯ ತರಗತಿಯ ಮೇಲೆ ಹುಡುಗಿಯರಿಗೆ ಶಾಲೆಯ ಬಾಗಿಲು ಮುಚ್ಚಿತು. ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮಗೆ, ಓದಿಗಾಗಿ ಊರು ಬಿಟ್ಟ ಆ ಮಕ್ಕಳ ಸಂಕಟ ಸ್ವಲ್ಪವಾದರೂ ತಿಳಿದೀತು.

ಮಹನೀಯರೇ, ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಯಂತ್ರ ಬೆಳೆದಷ್ಟೂ ನಮ್ಮ ಅನ್ನ ಹೋಗುತ್ತದೆ, ಅದನ್ನು ಮಕ್ಕಳಿಗೆ ಕಲಿಸುವ ಉತ್ಸಾಹವೇಕೆ, ಎಂದು ಕೆಲಸಗಾರ ಬಂಧುಗಳು ಕೇಳುತ್ತಾರೆ. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ನಾವು ಕಣ್ಣು ಮುಚ್ಚಿಕೊಂಡರೆ ಯಂತ್ರ ನಿಲ್ಲುವುದಿಲ್ಲ. ಅದರ ಮರ್ಮ ಬಲ್ಲವರು ಯಾರ ಪಕ್ಷದಲ್ಲಿದ್ದಾರೆ ಎಂಬುದೇ ಪ್ರಶ್ನೆ. ಬಾಲ್ಯದಲ್ಲಿಯೇ ತನ್ನ ವಿದ್ಯೆಯನ್ನು ಕಾಲಿಲ್ಲದ ಕೂಸಿಗಾಗಿ, ಉಸಿರು ಕಟ್ಟಿದ ರೋಗಿಗಾಗಿ ಬಳಸಿದ ಹುಡುಗಿ ಮುಂದೆ ಕಾರಖಾನೆಯ ನಕ್ಷೆ ಬರೆಯುವಾಗ ಅಲ್ಲಿ ದುಡಿಯುವವನನ್ನು ಅಷ್ಟು ಸುಲಭವಾಗಿ ಮರೆಯಲಾರಳು ಎಂಬುದು ನನ್ನ ನಂಬಿಕೆ.

ಇನ್ನೊಂದು ಆಕ್ಷೇಪ ತಂದೆತಾಯಿಗಳದು: ಮೊದಲು ಅಂಕ ಬರಲಿ, ಸೇವೆ ಆಮೇಲೆ ನೋಡೋಣ. ಹತ್ತು ಹಲ್ಲಿನ ಗೇರು ನಲವತ್ತು ಹಲ್ಲಿನ ಗೇರನ್ನು ತಿರುಗಿಸಿದರೆ ವೇಗ ಕಾಲುಭಾಗಕ್ಕಿಳಿದು, ತಿರುಗಿಸುವ ಬಲ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯಬಹುದು. ಆದರೆ ಎಂಟು ವರ್ಷದ ತಂಗಿ ‘ಯಾಕೆ ಅಣ್ಣಾ?’ ಎಂದು ಕೇಳಿದಾಗ ಬಾಯಿಪಾಠ ನಡೆಯುವುದಿಲ್ಲ; ತಾನು ನಿಜವಾಗಿ ತಿಳಿದಿರಬೇಕು. ಕಲಿಸುವವನೇ ಹೆಚ್ಚು ಕಲಿಯುತ್ತಾನೆ. ಆದರೆ ಒಂದು ಎಚ್ಚರಿಕೆ. ಒಂದು ದಿನ ಹೋಗಿ, ಫೋಟೋ ತೆಗೆಸಿಕೊಂಡು, ಸರ್ಟಿಫಿಕೇಟು ಹಿಡಿದು ಬರುವುದು ಸೇವೆಯಲ್ಲ. ಬಲವಂತದಿಂದ ಮಾಡಿಸಿದ್ದು ಬಿಟ್ಟಿ, ತೋರಿಕೆಗೆ ಮಾಡಿದ್ದು ಜಾಹೀರಾತು. ಮುಂದಿನ ವಾರವೂ ಬಂದೇ ಬರುವುದು ಸೇವೆ.

ನಮ್ಮ ದೇಶದಲ್ಲಿಯೂ ಸಾಧನಗಳು ಇಲ್ಲದಿಲ್ಲ. 2016ರಲ್ಲಿ ಆರಂಭವಾದ ಸರಕಾರದ ಯೋಜನೆಯಂತೆ 10,000 ಶಾಲೆಗಳಲ್ಲಿ ‘ಅಟಲ್ ಟಿಂಕರಿಂಗ್ ಲ್ಯಾಬ್’ ಎಂಬ ಪ್ರಯೋಗಶಾಲೆಗಳನ್ನು ತೆರೆದಿದ್ದಾರೆ. ಒಂದೊಂದಕ್ಕೂ 20 ಲಕ್ಷ ರೂಪಾಯಿವರೆಗೆ ಸಹಾಯಧನವಿದ್ದು, ಆರರಿಂದ ಹನ್ನೆರಡನೆಯ ತರಗತಿಯವರು ಅಲ್ಲಿ ಕಲಿಯಬಹುದು. ಇನ್ನೂ 50,000 ಪ್ರಯೋಗಶಾಲೆಗಳನ್ನು ಐದು ವರ್ಷಗಳಲ್ಲಿ ಸರಕಾರಿ ಶಾಲೆಗಳಲ್ಲಿ ತೆರೆಯುವುದಾಗಿ 2025ರ ಬಜೆಟ್ಟಿನಲ್ಲಿ ಘೋಷಿಸಿದರು. ಆದರೂ ಒಂದೇ ಚಾಳಿನಲ್ಲಿ ಒಬ್ಬ ಹುಡುಗನ ಶಾಲೆಯಲ್ಲಿ ಪ್ರಯೋಗಶಾಲೆ ಇದ್ದೀತು, ಪಕ್ಕದ ಮನೆಯ ಹುಡುಗಿಯ ಶಾಲೆಯಲ್ಲಿ ಇಲ್ಲದಿದ್ದೀತು. ಈ ನಡುವಣ ಗೋಡೆಯನ್ನು ಸರಕಾರ ಕೆಡವುವವರೆಗೆ ನಾವು ಕಾಯಬೇಕೆ?

ನಮ್ಮ ಹಿರಿಯರು ಕಾಯಲಿಲ್ಲ. ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಕನ್ನಡದ ಹುಡುಗರು ರಾತ್ರಿ ಶಾಲೆಯ ದೀಪದಡಿ ಓದಿ ಮೆಟ್ರಿಕ್ ಮುಗಿಸಿದರು. ಮುಂದೆ ವಕೀಲರೂ ಮಾಸ್ತರರೂ ಆದವರುಂಟು. ಅಂಥ ಶಾಲೆಗಳನ್ನು ನಡೆಸಿದವರು ತಾವೂ ಹಗಲೆಲ್ಲ ದುಡಿದು ದಣಿದವರೇ. ಕಲಿತವನು ಕಲಿಯದವನಿಗೆ ಹೇಳಿಕೊಡುವ ಈ ಪದ್ಧತಿ ನಮಗೆ ಪರದೇಶದಿಂದ ಬರಬೇಕಾಗಿಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನನ್ನದೊಂದು ವಿನಂತಿ. ಪ್ರತಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಕಾಲ ವಾಚನಾಲಯದ ಒಂದು ಮೇಜನ್ನು ಮಕ್ಕಳಿಗೆ ಬಿಟ್ಟುಕೊಡೋಣ. ಶಾಲೆಯಲ್ಲಿ ಈ ವಿದ್ಯೆ ಕಲಿತವರು ಉಳಿದವರಿಗೆ ತೋರಿಸಲಿ. ಕೆಟ್ಟ ಟಾರ್ಚು, ಮುರಿದ ಆಟಿಕೆ, ಹಳೆಯ ಸೈಕಲ್ ಡೈನಮೋ ಇದ್ದವರು ತಂದುಕೊಡಲಿ. ಗೋಡೆಯ ವಿದ್ಯುತ್ತನ್ನು ಮಕ್ಕಳು ಮುಟ್ಟಬಾರದು, ಶೆಲ್ಲಿನಿಂದ ನಡೆಯುವ ವಸ್ತುಗಳೇ ಸಾಕು. ನಮ್ಮ ಸದಸ್ಯರಲ್ಲಿ ಫಿಟ್ಟರರಿದ್ದಾರೆ, ವೈರ್‌ಮನ್ನರಿದ್ದಾರೆ. ಸರದಿಯಂತೆ ಒಬ್ಬೊಬ್ಬರು ಮೇಜಿನ ಬಳಿ ಕುಳಿತರೆ ಸಾಕು. ಮಾಡಿದ್ದನ್ನೆಲ್ಲ ಮಕ್ಕಳು ಒಂದು ವಹಿಯಲ್ಲಿ ಕನ್ನಡದಲ್ಲಿ ಬರೆದಿಡಲಿ. ಶಾಲೆಯಲ್ಲಿ ಬೇರೆ ಭಾಷೆ ಓದುವ ನಮ್ಮ ಮಕ್ಕಳಿಗೆ ಕನ್ನಡವು ಅಡಿಗೆಮನೆಯ ಮಾತಾಗಿ ಮಾತ್ರ ಉಳಿಯುತ್ತಿದೆ. ಗೇರು ಏಕೆ ತಿರುಗುತ್ತದೆಂಬುದನ್ನೂ ಕನ್ನಡದಲ್ಲಿ ಹೇಳಬಹುದೆಂದು ಅವರಿಗೆ ತಿಳಿಯಲಿ.

ಪಂದ್ಯಕ್ಕೆ ಹೋಗುವ ಶಕ್ತಿ ನಮಗಿಲ್ಲ. ಅದಕ್ಕೆ ಸಾವಿರಾರು ಡಾಲರು ಬೇಕು. ಆದರೆ ಆ ಪಂದ್ಯದ ಅತಿ ದೊಡ್ಡ ಬಹುಮಾನ ಯಾವ ಕೆಲಸಕ್ಕೆ ಸಲ್ಲುತ್ತದೆಯೋ ಆ ಕೆಲಸಕ್ಕೆ ಒಂದು ಮೇಜು, ಎರಡು ಗಂಟೆ ಸಾಕು. ಮುಂದಿನ ಭಾನುವಾರದಿಂದ ಬರಲು ಒಪ್ಪುವವರು ಸಭೆ ಮುಗಿದ ಮೇಲೆ ಬಾಗಿಲ ಬಳಿ ಇಟ್ಟಿರುವ ಪಟ್ಟಿಯಲ್ಲಿ ತಮ್ಮ ಹೆಸರು ಬರೆಯಬೇಕಾಗಿ ಪ್ರಾರ್ಥನೆ.