ಚಳಿಗಾಲದಲ್ಲಿ ಚಟ್ಟಿಯ ಮಲ್ಲಿಗೆ



ನಮ್ಮ ಉಡುಪಿ ಕಡೆ ಮಲ್ಲಿಗೆ ಬರೀ ಮುಡಿಯುವ ಹೂವಲ್ಲ, ಮನೆಯ ಆದಾಯ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಚಳಿಗಾಲದಲ್ಲಿ ಹೂವು ಕಡಿಮೆ, ಹಾಗಾಗಿ ದರ ಜಾಸ್ತಿ. ಆಗ ಗಿಡ ಕಳಕೊಂಡರೆ ನಷ್ಟವೂ ಜಾಸ್ತಿ.

ನಮ್ಮ ಸದಸ್ಯೆಯೊಬ್ಬರು ಸಂಘದ ಸಾಲದಲ್ಲಿ ಟೆರೇಸಿನ ಮೇಲೆ 20 ಚಟ್ಟಿ ಇಟ್ಟಿದ್ದರು. ಡಿಸೆಂಬರಿನಲ್ಲಿ ಎಲೆ ಹಳದಿಯಾಯಿತು. "ಸಿಸ್ಟರ್, ಏನು ಮಾಡುವುದು?" ಅಂತ ಕೇಳಿದರು. "ನೀರು ಸಾಲದೇನೋ, ಎರಡು ಹೊತ್ತು ಹಾಕಿ" ಅಂದೆ. ಬೇರು ಕೊಳೆತು 6 ಗಿಡ ಹೋದವು. ತಪ್ಪು ನನ್ನದೇ. ಮಣ್ಣು ಮುಟ್ಟಿ ನೋಡದೆ ಸಲಹೆ ಕೊಟ್ಟಿದ್ದೆ.

ಚಳಿಗಾಲದಲ್ಲಿ ಗಿಡದ ಬೆಳವಣಿಗೆ ನಿಧಾನ, ಅದು ಕುಡಿಯುವ ನೀರೂ ಕಡಿಮೆ. ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ಬೆಳಿಗ್ಗೆ ನೀರು ಹಾಕಿ. ಚಟ್ಟಿಯ ತಳದ ತೂತು ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ. ಚೆನ್ನಾಗಿ ಬಿಸಿಲು ಬೀಳುವಲ್ಲಿ ಇಡಿ. ನವೆಂಬರ್ ಕೊನೆಗೆ ಒಣಗಿದ, ಸೊರಗಿದ ಕೊಂಬೆಗಳನ್ನು ಸವರಿ. ಚಿಗುರು ಬಂದ ಮೇಲೆ ನೆಲಗಡಲೆ ಹಿಂಡಿ ನೆನೆಸಿದ ನೀರನ್ನು ತೆಳ್ಳಗೆ ಮಾಡಿ ಬುಡಕ್ಕೆ ಹೊಯ್ಯಿರಿ. ಬೇರು ಕೊಳೆತ ಗಿಡಕ್ಕೆ ಮಾತ್ರ ಗೊಬ್ಬರ ಬೇಡ.

ಉಳಿದ 14 ಗಿಡಗಳನ್ನು ಆ ಅಕ್ಕ ಹೀಗೆಯೇ ಉಳಿಸಿಕೊಂಡರು. ಸಾಲದ ಕಂತೂ ತಪ್ಪಲಿಲ್ಲ. ಇನ್ನು ಮೇಲೆ ನನ್ನನ್ನು ಕೇಳುವ ಮೊದಲು ಮಣ್ಣನ್ನು ಕೇಳಿ.