ಬೇಡ ಎನ್ನುವುದಕ್ಕೂ ತೂಕವುಂಟು

ಬ್ರಿಟನ್ನಿನಲ್ಲಿ ರಸ್ತೆ ಬಳಸುವವರಿಗೆಲ್ಲ ‘ಹೈವೇ ಕೋಡ್’ ಎಂಬ ಕೈಪಿಡಿಯೊಂದಿದೆ. ಮೊದಲು ಅಚ್ಚಾದದ್ದು 1931ರಲ್ಲಿ. ಒಂದು ಕೆಲಸ ಬೇಡವೆಂದು ಅಧಿಕೃತ ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು ಎಂದು ಕೇಳುವವರಿಗೆ ನಾನು ವ್ಯಾಕರಣದ ಪುಸ್ತಕಕ್ಕಿಂತ ಮೊದಲು ತೋರಿಸುವುದು ಇದನ್ನೇ. ಅದರಲ್ಲಿ ‘ಮಸ್ಟ್ ನಾಟ್’ ಎಂದಿದ್ದರೆ ಬೆನ್ನಿಗೆ ಕಾನೂನಿದೆ, ಮೀರಿದರೆ ಅಪರಾಧ. ‘ಶುಡ್ ನಾಟ್’ ಎಂದಿದ್ದರೆ ಅದು ಸಲಹೆ. ಮೀರಿದಷ್ಟಕ್ಕೇ ಯಾರೂ ಕೇಸು ಹಾಕುವುದಿಲ್ಲ. ಆದರೆ ಅಪಘಾತವಾಗಿ ವಿಷಯ ಕೋರ್ಟಿಗೆ ಹೋದರೆ, ಸಲಹೆಯನ್ನು ಕಡೆಗಣಿಸಿದ್ದನ್ನೇ ಎದುರಿನವರು ಸಾಕ್ಷ್ಯವಾಗಿ ಮುಂದಿಡಬಹುದು. ಸಲಹೆಗೂ ಹಲ್ಲಿದೆ ಎಂದಾಯಿತು!

ಅಲ್ಲಿನ ವಿದೇಶಾಂಗ ಕಚೇರಿಯ ಮಾತು ಇನ್ನೂ ನಾಜೂಕು. ಯುದ್ಧ ನಡೆಯುತ್ತಿರುವ ದೇಶಕ್ಕೂ ಅದು ಹೋಗಲೇಕೂಡದೆಂದು ಗದರುವುದಿಲ್ಲ. ಕಚೇರಿಯು ‘ಅಡ್ವೈಸಸ್ ಅಗೇನ್‌ಸ್ಟ್ ಆಲ್ ಟ್ರಾವೆಲ್’ ಎಂದಷ್ಟೇ ಬರೆಯುತ್ತದೆ. ಅಪಾಯ ಒಂದು ಮಟ್ಟ ಕಡಿಮೆಯಿದ್ದರೆ ‘ಆಲ್ ಬಟ್ ಎಸೆನ್ಷಿಯಲ್ ಟ್ರಾವೆಲ್’, ಅಂದರೆ ತೀರಾ ಅಗತ್ಯವಿದ್ದರೆ ಮಾತ್ರ ಹೋಗಿ ಎಂದು. ದನಿ ಮೆತ್ತಗಿದೆ, ನಿಜ. ಲೆಕ್ಕಿಸದೆ ವಿಮಾನ ಹತ್ತಿದವರ ಪ್ರವಾಸ ವಿಮೆ ಮಾತ್ರ ಕೈಕೊಡಬಹುದು. ಸಲಹೆ ಯಾರದೆಂಬುದು ಆ ವಾಕ್ಯದಲ್ಲೇ ಇದೆ ಎಂಬುದನ್ನೂ ಗಮನಿಸಿ. ನಮಗೆ ಪ್ರಿಯವಾದ ‘ಇಟ್ ಈಸ್ ಅಡ್ವೈಸಬಲ್’ನಲ್ಲಿ ಹೇಳಿದವರು ಯಾರೆಂದೇ ತಿಳಿಯುವುದಿಲ್ಲ. ಹೊಣೆ ತಪ್ಪಿಸಿಕೊಳ್ಳಲು ಅದಕ್ಕಿಂತ ಅನುಕೂಲದ ವಾಕ್ಯ ಇನ್ನೊಂದಿಲ್ಲವೇನೋ.

ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೋಟಿಸ್ ಬೋರ್ಡಿಗೆ ಬಂದರೆ ಎಲ್ಲದಕ್ಕೂ ‘ಕೈಂಡ್ಲಿ ರಿಫ್ರೇನ್’. ಬಾಲ್ಕನಿಯಲ್ಲಿ ಬಟ್ಟೆ ಕೊಡವುವುದಕ್ಕೂ ಅದೇ, ಟ್ರಾನ್ಸ್‌ಫಾರ್ಮರ್ ಬೇಲಿ ದಾಟುವುದಕ್ಕೂ ಅದೇ. ‘ರಿಫ್ರೇನ್’ ಎಂದರೆ ಮಾಡಬಹುದಾದದ್ದನ್ನು ಮನಸ್ಸು ಮಾಡಿ ಮಾಡದಿರುವುದು. ಸಿಗರೇಟಿಗೆ, ಗದ್ದಲಕ್ಕೆ ಅದು ಸರಿ. ಕೆಟ್ಟ ರಸ್ತೆಗೋ ನೀರು ನಿಂತ ಅಂಡರ್‌ಪಾಸಿಗೋ ‘ಅವಾಯ್ಡ್’ ಬೇಕು. ‘ಫ್ರಮ್’ ಬಿಟ್ಟು ‘ರಿಫ್ರೇನ್ ಟು ಪಾರ್ಕ್’ ಎಂದು ಬರೆಯುವವರೂ ಇದ್ದಾರೆ, ಅದು ಇಂಗ್ಲಿಷೇ ಅಲ್ಲ. ಜೀವಕ್ಕೆ ಅಪಾಯವಿರುವ ಕಡೆ ವಿನಯವೇ ಬೇಡ. ‘ಡು ನಾಟ್’ ಸಾಕು.

ಸಂಘದ ಕಾರ್ಯದರ್ಶಿಗಳು ಇಲ್ಲಿ ಹಲವರಿದ್ದೀರಿ. ನೋಟಿಸಿಗೆ ಕೈ ಹಾಕುವ ಮೊದಲು, ಮಾತು ಮೀರಿದವರಿಗೆ ಆಗುವುದು ದಂಡವೋ, ಅಪಾಯವೋ, ಬರೀ ನೆರೆಯವರ ಕಿರಿಕಿರಿಯೋ ಎಂದು ತೀರ್ಮಾನಿಸಿ. ಪದ ಆರಿಸುವುದು ಆಮೇಲಿರಲಿ.