ಬೆಳೆಯು ಕುಡಿದ ನೀರಿನ ಲೆಕ್ಕ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಾವು ಎರೆಭೂಮಿಯನ್ನು ನಂಬಿದವರು. ನಮ್ಮ ಹಿಂಗಾರಿ ಜೋಳವು ಬಹುಮಟ್ಟಿಗೆ ಮಳೆಗಾಲದಲ್ಲಿ ಭೂಮಿಯು ಹೀರಿಟ್ಟುಕೊಂಡ ಹಸಿಯ ಮೇಲೆಯೇ ಬದುಕುತ್ತದೆ. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿ ಹಸಿಯನ್ನರಿಯುವ ವಿದ್ಯೆ ನಮ್ಮ ಹಿರಿಯರಿಗೆ ಕರಗತವಾಗಿತ್ತು. 1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನೆ ನಡೆಯಿತು. ಬಿದ್ದ ಮಳೆಯನ್ನು ನೆಲದಲ್ಲಿ ಉಳಿಸುವುದು ಹೇಗೆಂಬುದೇ ಅಲ್ಲಿಯೂ ಮುಖ್ಯ ಪ್ರಶ್ನೆಯಾಗಿತ್ತು.

ಇಂದು ಹಸಿಯನ್ನು ಅಳೆಯಲು ಸೆನ್ಸರ್ ಎಂಬ ಉಪಕರಣ ಬಂದಿದೆ. ಅದರ ಕಡ್ಡಿಗಳನ್ನು ಬೇರಿನ ಆಳದಲ್ಲಿ ನೆಡುತ್ತಾರೆ. ವಿದ್ಯುತ್ತಿಗೆ ಸಂಬಂಧಿಸಿದ ಒಂದು ಗುಣವು ಗಾಳಿಗೆ 1 ಆದರೆ, ಒಣಮಣ್ಣಿಗೆ ಸುಮಾರು 3ರಿಂದ 5, ನೀರಿಗೆ ಸುಮಾರು 80. ಈ ಅಂತರದಿಂದಲೇ ಉಪಕರಣವು ಹಸಿಯನ್ನು ಗುರುತಿಸುತ್ತದೆ. ಮಳೆಯಿಲ್ಲದ, ನೀರು ಹಾಯಿಸದ ದಿನಗಳಲ್ಲಿ ಮೊದಲಿನ ಶಿಲ್ಕಿನಿಂದ ವಾರದ ಅನಂತರದ ಶಿಲ್ಕನ್ನು ಕಳೆಯಬೇಕು. ನೀರು ಆಳಕ್ಕೆ ಬಸಿದುಹೋಗಿರದಿದ್ದರೆ, ಬೆಳೆಯು ಕುಡಿದದ್ದೂ ಬಿಸಿಲಿಗೆ ಆರಿದ್ದೂ ಕೂಡಿದ ವೆಚ್ಚವು ಅದೇ.

ಆದರೆ ಪರೀಕ್ಷಿಸದ ತಕ್ಕಡಿಯನ್ನು ನಾವು ನಂಬುವೆವೇ? ಬೇರೆ ಮಣ್ಣಿಗೆ ಹೊಂದಿಸಿದ ಉಪಕರಣವು ನಮ್ಮ ಎರೆಯಲ್ಲಿ ತಪ್ಪು ಹೇಳಬಹುದು. ಎರೆ ಒಣಗಿದಾಗ ಬಿರಿಯುತ್ತದೆ. ಕಡ್ಡಿಯ ಸುತ್ತ ಗಾಳಿ ಹೊಕ್ಕರೆ ಹಸಿಯಿದ್ದರೂ ಇಲ್ಲವೆನ್ನುತ್ತದೆ. ಮಣ್ಣಿನಲ್ಲಿ ಉಪ್ಪು ಹೆಚ್ಚಿದ್ದರೆ ಇಲ್ಲದ ಹಸಿಯನ್ನು ಇದೆಯೆನ್ನಲೂಬಹುದು.

ಆದುದರಿಂದ ಹೊಲದಲ್ಲಿಯೇ ಪರೀಕ್ಷೆ ನಡೆಯಬೇಕು. ಉಪಕರಣದ ಪಕ್ಕದಲ್ಲಿ, ಅಷ್ಟೇ ಆಳದಿಂದ, ಅಳತೆ ಗೊತ್ತಿರುವ ಡಬ್ಬಿಯಲ್ಲಿ ಮಣ್ಣು ತೆಗೆದು ತೂಗುತ್ತಾರೆ. 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗುತ್ತಾರೆ. ಕಡಿಮೆಯಾದ ತೂಕವೇ ನೀರು. ನೆಲವು ತೊಯ್ದಾಗ, ಅರೆ ಒಣಗಿದಾಗ, ಪೂರ್ತಿ ಒಣಗಿದಾಗ ಹೀಗೆ ಮಾಡಿ, ಉಪಕರಣದ ಅಂಕಿಯನ್ನು ತಿದ್ದುತ್ತಾರೆ.

ಇಷ್ಟೇಕೆ ಶ್ರಮವೆನ್ನುವಿರಾ? ಲೆಕ್ಕ ಹಾಕಿ ನೋಡೋಣ. 60 ಸೆಂಟಿಮೀಟರ್ ಆಳದ ಮಣ್ಣಿನಲ್ಲಿ ನೂರಕ್ಕೆ 5 ಭಾಗ ತಪ್ಪಿದರೆ 30 ಮಿಲಿಮೀಟರ್ ನೀರು ತಪ್ಪಿದಂತೆ. ಎಕರೆಗೆ ಸುಮಾರು 1,21,000 ಲೀಟರ್! ಬಾವಿಯಲ್ಲಿ ಒಂದೇ ಸರತಿಗೆ ಸಾಲುವ ನೀರುಳ್ಳ ರೈತನು ಆ ಮಾತು ನಂಬಿ ಮುಂಚೆಯೇ ಹಾಯಿಸಿಬಿಟ್ಟರೆ, ತೆನೆಯಲ್ಲಿ ಕಾಳು ತುಂಬುವ ಹೊತ್ತಿಗೆ ಏನು ಮಾಡಿಯಾನು?

ವಿದ್ಯಾರ್ಥಿಗಳೇ, ಡಬ್ಬಿ, ತಕ್ಕಡಿ, ಬಿಸಿಲು ನಮ್ಮಲ್ಲಿಯೂ ಇವೆ. ಹೊಲದ ಮಣ್ಣನ್ನು ತೂಗಿ, ದಿನವೂ ಒಣಗಿಸಿ, ತೂಕ ಇಳಿಯದಾದಾಗ ಬರೆದಿಡಿರಿ. ಒಣಗಿಸುವ ಮೊದಲೇ ತಂದೆಯವರ ಅಂಗೈಗೂ ಆ ಮಣ್ಣನ್ನು ಕೊಟ್ಟು ಕೇಳಿರಿ. ಬಿಸಿಲಿನಲ್ಲಿ ಒಣಗಿಸಿದ ಲೆಕ್ಕವು ಅಷ್ಟು ನಿಖರವಲ್ಲ. ಆದರೂ ಅಂಕಿಯನ್ನು ಮಣ್ಣಿನೆದುರಿಗೆ ನಿಲ್ಲಿಸಿ ಒರೆಹಚ್ಚುವ ಅಭ್ಯಾಸವು ಅಲ್ಲಿಂದಲೇ ಮೊದಲಾಗುತ್ತದೆ.